ಹಳೆಯ ಕೋವಿಗೆ ಹೊಸ ಮೆರುಗು

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎಂಬ ಗಾದೆಯನ್ನು ನಾವೆಲ್ಲರೂ ಪ್ರಾಥಮಿಕ ಶಾಲೆಯಲ್ಲಿಯೇ ಬಾಯಿಪಾಠ ಮಾಡಿದವರು. ಆದರೆ ಅದರ ಅರ್ಥ ನನಗೆ ಚೆನ್ನಾಗಿ ಮನದಟ್ಟಾದುದು, ಒಂದು ಹಳೆಯ ಕೋವಿಯ ಮರವನ್ನು ಉಜ್ಜಲು ಕುಳಿತ ದಿನ. ಇನ್ನೊಬ್ಬರು ಬಳಸಿದ ಕೋವಿ ಮನೆಗೆ ಬಂದಾಗ ಅದರ ಮರದ ಭಾಗವನ್ನು ಶುಚಿಮಾಡಿ, ಎಣ್ಣೆ ಕುಡಿಸಿ, ಮತ್ತೆ ಮೆರುಗು ತರುವುದು ಹೇಗೆ ಎಂಬುದನ್ನು ತಿಳಿಸುವುದೇ ಈ ಲೇಖನದ ಉದ್ದೇಶ. ಇದು ಬೇಟೆಯ ಕಥೆಯಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದ ಮೇಲೆ ಬೇಟೆಯ ಕಥೆಗಳು ಅಜ್ಜಂದಿರ ಬಾಯಲ್ಲಷ್ಟೇ ಉಳಿದಿವೆ; ಅವು ಉಳಿಯಬೇಕಾದುದೂ ಅಲ್ಲಿಯೇ.

ಬೇಟೆಯಿಲ್ಲದ ಮೇಲೆ ಕೋವಿಯೇಕೆ ಎಂದು ಬಯಲುಸೀಮೆಯ ಮಿತ್ರರು ಕೇಳುವುದುಂಟು. ಕೊಡಗಿನಲ್ಲಿ ಕೋವಿ ಕೇವಲ ಆಯುಧವಲ್ಲ, ಅದು ಮನೆಯ ಒಬ್ಬ ಹಿರಿಯನಿದ್ದಂತೆ. ಗಂಡುಮಗು ಹುಟ್ಟಿದರೆ ಒಂದು ಗುಂಡು, ಮನೆಯಲ್ಲಿ ಸಾವಾದರೆ ಎರಡು ಗುಂಡು ಹಾರಿಸಿ ಊರಿಗೆ ತಿಳಿಸುವ ಪದ್ಧತಿ ಹಿಂದಿನಿಂದ ಬಂದದ್ದು. ಹುತ್ತರಿಯಲ್ಲಿ ಕದಿರು ಕೊಯ್ಯುವಾಗಲೂ ಕೋವಿಯ ಸದ್ದು ಕೇಳಲೇಬೇಕು. ಸೆಪ್ಟೆಂಬರ್ ತಿಂಗಳ ಮೊದಲಲ್ಲಿ ಬರುವ ಕೈಲ್ ಮುಹೂರ್ತದಂದು ಕೋವಿ, ಒಡಿಕತ್ತಿ ಮೊದಲಾದುವನ್ನು ದೇವರ ಕೋಣೆಯಲ್ಲಿಟ್ಟು, ತೋಕ್ ಪೂ ಎಂದು ನಮ್ಮವರು ಕರೆಯುವ ಕೆಂಪು ಹಳದಿ ಬಣ್ಣದ ಹೂವನ್ನು ಮುಡಿಸಿ ಪೂಜಿಸುತ್ತಾರೆ. ಆ ಹೆಸರಿನ ಅರ್ಥವೇ ಕೋವಿಯ ಹೂವು. 1861ರಲ್ಲಿ ಬ್ರಿಟಿಷ್ ಸರಕಾರ ಕೊಡಗಿನವರಿಗೆ ಆಯುಧ ಕಾಯಿದೆಯಿಂದ ವಿನಾಯಿತಿ ಕೊಟ್ಟಿತು. ಸ್ವಾತಂತ್ರ್ಯಾನಂತರವೂ ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಈ ವಿನಾಯಿತಿ ಮುಂದುವರಿದಿದೆ; ಕೇಂದ್ರ ಸರಕಾರ 2019ರಲ್ಲಿ ಇದನ್ನು 2029ರವರೆಗೆ ವಿಸ್ತರಿಸಿತು. ಇಷ್ಟು ಹಳೆಯ ಸಂಬಂಧವಿರುವ ವಸ್ತುವನ್ನು ತುಕ್ಕು ಹಿಡಿಯಲು ಬಿಡುವುದು ಹೇಗೆ?

ನಮ್ಮ ಮನೆಗೆ ಬಂದದ್ದು ಹನ್ನೆರಡು ಬೋರಿನ ಜೋಡಿ ನಳಿಗೆಯ ಕೋವಿ. ನಳಿಗೆಯ ಒಳ ಅಳತೆಗೆ ಸರಿಹೊಂದುವ ಹನ್ನೆರಡು ಸೀಸದ ಗುಂಡುಗಳು ಕೂಡಿ ಒಂದು ಪೌಂಡು ತೂಗಿದರೆ ಅದು ಹನ್ನೆರಡು ಬೋರು. ಅಂದರೆ ಒಳಗಿನ ವ್ಯಾಸ ಸುಮಾರು 18.5 ಮಿಲಿಮೀಟರ್. ಅದು ನೆರೆಯ ಒಬ್ಬ ಅಜ್ಜಿಯ ಮನೆಯ ಕೋವಿ. ಅವರ ಯಜಮಾನರು ತೀರಿಕೊಂಡಿದ್ದರು. ಮಕ್ಕಳಿಬ್ಬರೂ ದೂರದ ಪಟ್ಟಣಗಳಲ್ಲಿ ಉದ್ಯೋಗಕ್ಕೆ ಸೇರಿದ್ದರು. "ಪೂಜೆ ಮಾಡುವವರಿಲ್ಲದ ಮನೆಯಲ್ಲಿ ಕೋವಿ ಇರಬಾರದು" ಎಂದು ಅಜ್ಜಿಯೇ ಅಪ್ಪನಿಗೆ ಹೇಳಿ ಕಳುಹಿಸಿದರು. ಜಿಲ್ಲಾ ಕಚೇರಿಯಲ್ಲಿ ಕಾಗದಪತ್ರಗಳೆಲ್ಲ ಮುಗಿದು ಅದು ನಮ್ಮ ಮನೆಗೆ ಬಂದಾಗ ಅದರ ಮರ ಕರ್ರಗಾಗಿತ್ತು. ಅಲ್ಲಲ್ಲಿ ತಗ್ಗು, ಗೀರು; ಕೆನ್ನೆ ತಾಗುವ ಕಡೆ ಮಾತ್ರ ಸವೆದು ನುಣುಪು. ಹಿಡಿಯ ಎಡಮಗ್ಗುಲಲ್ಲಿ ಯಜಮಾನರು ಮೊಳೆಯಿಂದಲೋ ಚೂರಿಯಿಂದಲೋ ತಮ್ಮ ಹೆಸರಿನ ಎರಡು ಅಕ್ಷರಗಳನ್ನು ಕೊರೆದಿದ್ದರು.

ಅದು ಆಗಸ್ಟ್ ಕೊನೆಯ ವಾರ. ಕೈಲ್ ಮುಹೂರ್ತಕ್ಕೆ ಕೋವಿ ಹೊಳೆಯಬೇಕೆಂಬ ಉತ್ಸಾಹದಲ್ಲಿ ನಾನೊಬ್ಬನೇ ಕೆಲಸಕ್ಕೆ ಕೈಹಾಕಿದೆ. ಒರಟು ಉಪ್ಪುಕಾಗದ ತಂದು ಅರ್ಧ ಗಂಟೆ ತಿಕ್ಕಿದೆ. ಅಡುಗೆಮನೆಯಿಂದ ಕೊಬ್ಬರಿ ಎಣ್ಣೆ ತಂದು ಧಾರಾಳವಾಗಿ ಬಳಿದೆ. ದೊಡ್ಡಪ್ಪ ಬಂದು ಕೈ ಹಿಡಿದುಕೊಳ್ಳುವಷ್ಟರಲ್ಲಿ ಎರಡು ಅಕ್ಷರಗಳಲ್ಲಿ ಒಂದು ಅರ್ಧ ಅಳಿಸಿಹೋಗಿತ್ತು. ಹಬ್ಬದ ದಿನ ಎಣ್ಣೆ ಆರದೆ ಮರ ಅಂಟಂಟಾಗಿತ್ತು; ಹೂವಿನ ಎಸಳು, ಕುಂಕುಮ, ಅಗರಬತ್ತಿಯ ಬೂದಿ ಎಲ್ಲವೂ ಅದಕ್ಕೆ ಮೆತ್ತಿಕೊಂಡಿದ್ದವು. ಮನೆಯವರು ನಕ್ಕರು. ನನಗೆ ಮಾತ್ರ ನಗು ಬರಲಿಲ್ಲ. ಅಂಟನ್ನು ಒರೆಸಬಹುದು, ಅಳಿಸಿದ ಅಕ್ಷರವನ್ನು ಎಲ್ಲಿಂದ ತರುವುದು?

ನಮ್ಮ ದೊಡ್ಡಪ್ಪ ಸೈನ್ಯದಲ್ಲಿ ಬಹುಕಾಲ ಬಂದೂಕುಗಳ ದುರಸ್ತಿ ವಿಭಾಗದಲ್ಲಿದ್ದು ನಿವೃತ್ತರಾದವರು. ಅವರು ನನ್ನನ್ನು ಗದರಲಿಲ್ಲ. "ಮಳೆ ಹೋಗಲಿ ಮಗ, ಹುತ್ತರಿ ಕಳೆಯಲಿ, ಆಮೇಲೆ ಕೂತು ಮಾಡೋಣ. ಮರಕ್ಕೆ ಅವಸರ ಆಗೋದಿಲ್ಲ" ಎಂದರು. ಜನವರಿಯಲ್ಲಿ ಅವರ ಬಳಿ ಕುಳಿತು ಕಲಿತದ್ದನ್ನೇ ಇಲ್ಲಿ ಕ್ರಮವಾಗಿ ಬರೆಯುತ್ತಿದ್ದೇನೆ.

ಮೊಟ್ಟಮೊದಲ ಮಾತು, ಕೋವಿ ಬರಿದಾಗಿದೆಯೇ ಎಂದು ನೋಡುವುದು. ಯಾರು ಎಷ್ಟೇ ಭರವಸೆ ಕೊಟ್ಟಿದ್ದರೂ ಸರಿಯೇ, ಕೋವಿಯನ್ನು ಮಡಚಿ, ಎರಡು ನಳಿಗೆಗಳಲ್ಲೂ ತೋಟೆ ಇಲ್ಲವೆಂಬುದನ್ನು ಕಣ್ಣಿನಿಂದ ನೋಡಿ, ಬೆರಳಿನಿಂದ ಮುಟ್ಟಿ ಖಚಿತಪಡಿಸಿಕೊಳ್ಳಬೇಕು. ತೋಟೆಗಳು ಕೆಲಸದ ಕೋಣೆಯಲ್ಲಿಯೇ ಇರಕೂಡದು. ಅನಂತರ ನಳಿಗೆಗಳನ್ನು ಕಳಚಿ ಬೇರೆಯಾಗಿ ಇಡಬೇಕು. ಕೋವಿಯ ಮೇಲಿನ ಸಂಖ್ಯೆ, ತಯಾರಕರ ಗುರುತು, ಪರೀಕ್ಷೆಯ ಮುದ್ರೆಗಳ ಬಳಿಗೆ ಉಪ್ಪುಕಾಗದ ಸುಳಿಯಲೇಬಾರದು. ಗುರುತಿನ ಸಂಖ್ಯೆಯನ್ನು ಅಳಿಸುವುದೂ, ನಳಿಗೆಯನ್ನು ಮೊಟಕು ಮಾಡುವುದೂ 1959ರ ಆಯುಧ ಕಾಯಿದೆಯ ಪ್ರಕಾರ ಅಪರಾಧ. ಅಲ್ಲದೆ ಆ ಮುದ್ರೆಗಳೇ ಕೋವಿಯ ಜಾತಕ. ಅಂಡಾಕಾರದ ಗೆರೆಯೊಳಗೆ ಇ, ಎಲ್, ಜಿ ಎಂಬ ಅಕ್ಷರಗಳಿದ್ದರೆ ಅದು ಬೆಲ್ಜಿಯಂ ದೇಶದ ಲೀಜ್ ಪಟ್ಟಣದಲ್ಲಿ ಪರೀಕ್ಷೆಯಾದ ಕೋವಿ. ನಮ್ಮದರಲ್ಲಿ ಇದ್ದುದು ಇದೇ ಗುರುತು. ನಳಿಗೆಯ ಮೈಮೇಲೆ ಹಾವಿನ ಚರ್ಮದಂತೆ ಸುರುಳಿ ಸುರುಳಿ ಗೆರೆಗಳು ಕಂಡರೆ ಅದು ಕಬ್ಬಿಣ ಮತ್ತು ಉಕ್ಕಿನ ಪಟ್ಟಿಗಳನ್ನು ಹೆಣೆದು ಬೆಸೆದ ಹಳೆಯ ಕಾಲದ ನಳಿಗೆಯಿರಬಹುದು. ಅಂಥವು ಹೆಚ್ಚಾಗಿ ಕರಿಮದ್ದಿಗೆಂದು ಮಾಡಿದವು. ಬಲ್ಲ ಕಸುಬುದಾರನಿಗೆ ತೋರಿಸದೆ ಅವುಗಳಲ್ಲಿ ಈಗಿನ ತೋಟೆಯನ್ನು ಹಾರಿಸಬಾರದು.

ಎರಡನೆಯದು, ಮರವನ್ನು ಪರೀಕ್ಷಿಸುವುದು. ಹೆಗಲಿಗೆ ಆನಿಸುವ ಭಾಗಕ್ಕೆ ಇಂಗ್ಲಿಷಿನಲ್ಲಿ ಸ್ಟಾಕ್ ಎನ್ನುತ್ತಾರೆ. ಇಲ್ಲಿ ಅದನ್ನು ಹಿಡಿಮರ ಎನ್ನೋಣ. ವಿಲಾಯತಿ ಕೋವಿಗಳ ಹಿಡಿಮರ ಸಾಮಾನ್ಯವಾಗಿ ಅಕ್ರೋಟು ಮರದ್ದು. ಕಾಶ್ಮೀರದಿಂದ ಬರುವ ಅಕ್ರೋಟು ಕಾಯಿ ನಾವೆಲ್ಲ ತಿಂದಿರುವುದೇ, ಅದೇ ಮರ. ಬೀಟೆ ಅದಕ್ಕಿಂತ ಗಟ್ಟಿ, ತೇಗ ಅದಕ್ಕಿಂತ ನೀರಿಗೆ ಜಗ್ಗದ್ದು. ಆದರೂ ಕೋವಿಗೆ ಅಕ್ರೋಟನ್ನೇ ಆರಿಸಿದ್ದಕ್ಕೆ ಕಾರಣವುಂಟು. ಅದು ತೂಕದಲ್ಲಿ ಹದ. ಒಮ್ಮೆ ಚೆನ್ನಾಗಿ ಒಣಗಿದರೆ ಸೊಟ್ಟಗಾಗುವುದು ಕಡಿಮೆ. ಉಳಿಗೆ ಸಿಬಿರೇಳದೆ ನಯವಾಗಿ ಒದಗುತ್ತದೆ. ಗುಂಡು ಹಾರಿದಾಗಿನ ಹಿನ್ನೊದೆತವನ್ನು ಸೀಳದೆ ತಾಳಿಕೊಳ್ಳುತ್ತದೆ. ಈ ಹಿನ್ನೊದೆತದ ಬಹುಪಾಲು ಬೀಳುವುದು ಲೋಹ ಮತ್ತು ಮರ ಸೇರುವ ಜಾಗದ ಮೇಲೆ, ಅದರ ಹಿಂದೆ ಸಪೂರವಾಗಿರುವ ಕುತ್ತಿಗೆಯ ಮೇಲೆ. ಅಲ್ಲಿ ಕೂದಲೆಳೆಯಷ್ಟು ಬಿರುಕು ಕಂಡರೂ ಮೆರುಗಿನ ಮಾತನ್ನು ಅಲ್ಲಿಗೇ ನಿಲ್ಲಿಸಿ, ಪರವಾನಗಿಯುಳ್ಳ ಕೋವಿ ದುರಸ್ತಿಗಾರನಲ್ಲಿಗೆ ಒಯ್ಯಬೇಕು. ಬಿರುಕಿನ ಮೇಲೆ ಬಳಿದ ಮೆರುಗು ರೋಗಿಗೆ ಹಚ್ಚಿದ ಪೌಡರಿನಂತೆ.

ಹಿಡಿಮರವನ್ನು ಲೋಹದ ಭಾಗದಿಂದ ಬಿಡಿಸುವುದಾದರೆ ತಿರುಪಿನ ಸೀಳಿಗೆ ಸರಿಯಾಗಿ ಕೂರುವ ತಿರುಪುಳಿ ಬೇಕು. ಹಳೆಯ ಕೋವಿಗಳ ತಿರುಪಿನ ಸೀಳು ಬಹಳ ಕಿರಿದು. ಅಂಗಡಿಯ ಸಾಮಾನ್ಯ ತಿರುಪುಳಿ ಹಾಕಿದರೆ ಜಾರಿ ತಲೆಯೇ ಕಿತ್ತುಹೋಗುತ್ತದೆ. ದೊಡ್ಡಪ್ಪ ಒಂದು ರಟ್ಟಿನ ಮೇಲೆ ಕೋವಿಯ ಚಿತ್ರ ಬರೆದು, ಬಿಚ್ಚಿದ ಒಂದೊಂದು ತಿರುಪನ್ನೂ ಅದರದರ ಜಾಗದಲ್ಲಿಯೇ ಚುಚ್ಚಿ ನಿಲ್ಲಿಸಿದರು. ನೋಡಲು ಒಂದೇ ಬಗೆಯಾಗಿ ಕಂಡರೂ ಒಂದರ ಜಾಗಕ್ಕೆ ಇನ್ನೊಂದು ಕೂರುವುದಿಲ್ಲ. ತಿರುಪು ಸುಲಭವಾಗಿ ಬಾರದಿದ್ದರೆ ಬಲವಂತ ಮಾಡದೆ, ಲೋಹಕ್ಕೆ ಅಂಟುಪಟ್ಟಿ ಸುತ್ತಿ ಮರದ ಕೆಲಸವನ್ನಷ್ಟೇ ಮಾಡುವುದು ವಾಸಿ. ಕುದುರೆಯ ಒಳಗಿನ ಯಂತ್ರವನ್ನಂತೂ ನಮ್ಮಂಥವರು ಬಿಚ್ಚಲೇಬಾರದು.

ಮೂರನೆಯದು, ಮರದ ಮೇಲಿರುವುದು ಕೊಳೆಯೋ ಹಳೆಯ ಮೆರುಗೋ ಎಂದು ತಿಳಿಯುವುದು. ನಾನು ಎಡವಿದ್ದು ಇಲ್ಲಿಯೇ. ಕಪ್ಪಾಗಿರುವುದೆಲ್ಲ ಮರವೇ ಎಂದು ತಿಳಿದು ಉಪ್ಪುಕಾಗದ ಹಿಡಿದೆ. ದೊಡ್ಡಪ್ಪನಾದರೋ ಹಿಡಿಮರದ ತುದಿಯಲ್ಲಿ, ಕಣ್ಣಿಗೆ ಬೀಳದ ಒಂದು ಮೂಲೆಯನ್ನು ಆರಿಸಿ, ಟರ್ಪೆಂಟೈನಿನಲ್ಲಿ ಅದ್ದಿದ ಬಟ್ಟೆಯಿಂದ ಮೆಲ್ಲಗೆ ಒರೆಸಿದರು. ಬಟ್ಟೆ ಕಪ್ಪಾಯಿತು, ಮರದಲ್ಲಿ ಒಂದು ಕಾಸಿನಗಲ ಕಂದು ಬಣ್ಣ ಇಣುಕಿತು. ಟರ್ಪೆಂಟೈನು ಮೇಣವನ್ನೂ ಎಣ್ಣೆ ಹಿಡಿದ ಕೊಳೆಯನ್ನೂ ಕರಗಿಸುತ್ತದೆ. ಅದಕ್ಕೆ ಜಗ್ಗದಿದ್ದರೆ ಬಡಗಿಗಳು ಬಳಸುವ ಸ್ಪಿರಿಟ್ಟಿನಿಂದ ಪರೀಕ್ಷಿಸಬೇಕು. ಅದರಿಂದ ಮೆರುಗು ಅಂಟಂಟಾಗಿ ಬಿಟ್ಟುಕೊಂಡರೆ ಅದು ಅರಗಿನ ಪಾಲೀಶು. ಎರಡಕ್ಕೂ ಜಗ್ಗದೆ ಹಾಗೆಯೇ ಉಳಿದರೆ ಅದು ಒಣಗಿ ಗಟ್ಟಿಯಾದ ಎಣ್ಣೆಯ ಮೆರುಗೋ ಈಚಿನ ಕಾಲದ ವಾರ್ನಿಷೋ ಇರಬೇಕು. ನಮ್ಮ ಕೋವಿಯ ಮೇಲೆ ಇದ್ದುದು ಎಣ್ಣೆಯ ಮೆರುಗು. ಅದರ ಮೇಲೆ ಹೊಗೆ, ಬೆವರು, ದೂಳು, ಜೊತೆಗೆ ನನ್ನ ಕೊಬ್ಬರಿ ಎಣ್ಣೆ. ನವುರಾದ ಉಕ್ಕಿನ ನಾರನ್ನು ಟರ್ಪೆಂಟೈನಿನಲ್ಲಿ ನೆನೆಸಿ, ಮರದ ಎಳೆ ಸಾಗಿದ ದಿಕ್ಕಿಗೇ ಉಜ್ಜುತ್ತ, ಆಗಾಗ ಒರೆಸುತ್ತ ಹೋದೆವು. ಎರಡು ಸಂಜೆಯ ಕೆಲಸ. ಮೂರನೆಯ ದಿನ ಬೆಳಕಿಗೆ ಹಿಡಿದಾಗ ಹೊಗೆಬಣ್ಣದ ಗೆರೆಗಳು ಹೊಳೆಯ ಸುಳಿಯಂತೆ ಕಂಡವು. ಅವು ಮೊದಲಿನಿಂದಲೂ ಅಲ್ಲಿಯೇ ಇದ್ದವು. ನಾವು ಏನನ್ನೂ ಸೇರಿಸಿರಲಿಲ್ಲ.

ಆದರೆ ಲೋಹವನ್ನು ಸೇರುವ ಕಡೆಯಲ್ಲಿ ಮಾತ್ರ ಮರ ಇನ್ನೂ ಕಪ್ಪಾಗಿತ್ತು. ಇದು ಹಳೆಯ ಕೋವಿಗಳ ಸಾಮಾನ್ಯ ರೋಗ. ಕೋವಿಯನ್ನು ಶುಚಿಮಾಡಿ, ಲೋಹಕ್ಕೆ ಎಣ್ಣೆ ಹಚ್ಚಿ, ನಳಿಗೆಯ ಬಾಯಿ ಮೇಲಾಗಿ ಮೂಲೆಗೆ ಒರಗಿಸಿಡುವುದು ವಾಡಿಕೆ. ಎಣ್ಣೆ ಹನಿಹನಿಯಾಗಿ ಕೆಳಗಿಳಿದು ಮರದ ತಲೆಯೊಳಗೆ ಸೇರುತ್ತದೆ. ಹತ್ತಾರು ವರ್ಷ ಹೀಗಾದರೆ ಮರ ಮೆತ್ತಗಾಗಿ, ಹಿನ್ನೊದೆತ ತಾಳಲಾರದೆ ಸೀಳುತ್ತದೆ. ಇದಕ್ಕೆ ಉಪಾಯ ಸುಲಭ. ಸೀಮೆಸುಣ್ಣದ ನಯವಾದ ಪುಡಿಯನ್ನು ಸ್ಪಿರಿಟ್ಟಿನಲ್ಲಿ ಕಲಸಿ ದೋಸೆಹಿಟ್ಟಿನ ಹದಕ್ಕೆ ತಂದು, ಕಪ್ಪಾದ ಕಡೆ ದಪ್ಪವಾಗಿ ಬಳಿದು ಬಿಸಿಲಿನಲ್ಲಿಡಬೇಕು. ಒಣಗುತ್ತ ಒಣಗುತ್ತ ಸುಣ್ಣ ಒಳಗಿನ ಎಣ್ಣೆಯನ್ನು ಹೀರಿ ಹಳದಿಯಾಗುತ್ತದೆ. ಅದನ್ನು ಕುಂಚದಿಂದ ಉದುರಿಸಿ ಮತ್ತೆ ಬಳಿಯಬೇಕು. ನಾವು ಐದು ಸಲ ಬಳಿದೆವು. ಐದನೆಯ ಸಲ ಸುಣ್ಣ ಬಹುಮಟ್ಟಿಗೆ ಬೆಳ್ಳಗೇ ಉಳಿಯಿತು. ಸ್ಪಿರಿಟ್ಟಿನ ಹತ್ತಿರ ಬೆಂಕಿ, ಬೀಡಿ ಯಾವುದೂ ಕೂಡದೆಂದು ಬೇರೆ ಹೇಳಬೇಕಾಗಿಲ್ಲ. ಅಂದಿನಿಂದ ನಮ್ಮ ಮನೆಯಲ್ಲಿ ಎಣ್ಣೆ ಹಚ್ಚಿದ ಕೋವಿಯನ್ನು ಒಂದೆರಡು ದಿನ ಬಾಯಿ ಕೆಳಗಾಗಿ, ಹಳೆಯ ಬಟ್ಟೆಯ ಮೇಲೆ ನಿಲ್ಲಿಸುತ್ತೇವೆ.

ನಾಲ್ಕನೆಯದು, ತಗ್ಗುಗಳನ್ನು ಎಬ್ಬಿಸುವುದು. ಇದು ನನಗೆ ಮಾಟದಂತೆ ಕಂಡ ಕೆಲಸ. ಮರಕ್ಕೆ ಏಟು ಬಿದ್ದು ತಗ್ಗಾದಾಗ ಅಲ್ಲಿನ ಮರವೇನೂ ಕಳೆದುಹೋಗಿರುವುದಿಲ್ಲ. ಎಳೆಗಳು ಒತ್ತಿ ಕುಗ್ಗಿರುತ್ತವೆ, ಅಷ್ಟೆ. ನೀರೂ ಶಾಖವೂ ಸೇರಿದರೆ ಅವು ಹಿಗ್ಗಿ ಮೇಲೇಳುತ್ತವೆ. ಒದ್ದೆ ಬಟ್ಟೆಯ ಒಂದು ಮಡಿಕೆಯನ್ನು ತಗ್ಗಿನ ಮೇಲಿಟ್ಟು, ಕಾದ ಇಸ್ತ್ರಿಪೆಟ್ಟಿಗೆಯ ಮೂತಿಯನ್ನು ಒಂದೆರಡು ಕ್ಷಣ ತಾಗಿಸಿದರೆ ಚುಸ್ಸೆಂದು ಆವಿ ಏಳುತ್ತದೆ. ಹೀಗೆ ನಾಲ್ಕೈದು ಸಲ ಮಾಡುವುದರೊಳಗೆ ತಗ್ಗು ಬಹುಮಟ್ಟಿಗೆ ಮಾಯ! ಆದರೆ ಚೂರಿಯಿಂದಲೋ ತಂತಿಯಿಂದಲೋ ಎಳೆ ಕಡಿದುಹೋಗಿದ್ದರೆ ಆವಿಯಿಂದ ಪ್ರಯೋಜನವಿಲ್ಲ. ಒತ್ತಿದ್ದು ಏಳುತ್ತದೆ, ಕಡಿದದ್ದು ಏಳುವುದಿಲ್ಲ. ಯಜಮಾನರ ಅಕ್ಷರಗಳು ಕಡಿದ ಗೆರೆಗಳಾದುದರಿಂದ ಆವಿಯಿಂದ ಅವಕ್ಕೆ ಅಪಾಯವಿರಲಿಲ್ಲ. ಆದರೂ ಆ ಜಾಗದ ಮೇಲೆ ದೊಡ್ಡಪ್ಪ ಅಂಟುಪಟ್ಟಿ ಹಚ್ಚಿ, "ಇಲ್ಲಿಗೆ ಇನ್ನು ಯಾರೂ ಕೈಹಾಕಬಾರದು" ಎಂದರು.

ಉಪ್ಪುಕಾಗದದ ಸರದಿ ಬರುವುದು ಇಷ್ಟೆಲ್ಲ ಆದಮೇಲೆ, ಅದೂ ಬೇಕಾದರೆ ಮಾತ್ರ. 240 ಸಂಖ್ಯೆಯ ಕಾಗದದಿಂದ ಆರಂಭಿಸಿ 320ಕ್ಕೆ ಮುಗಿಸಬೇಕು. ಕಾಗದವನ್ನು ಬರಿಯ ಬೆರಳಿಗೆ ಸುತ್ತದೆ ಬೆಂಡಿನ ಅಥವಾ ಮರದ ತುಂಡಿಗೆ ಸುತ್ತಿ, ಎಳೆಯ ಉದ್ದಕ್ಕೇ ಉಜ್ಜಬೇಕು. ಬರಿಯ ಬೆರಳಿನಿಂದ ಉಜ್ಜಿದರೆ ಮೆದುವಾದ ಕಡೆ ಹೆಚ್ಚು ಸವೆದು ಅಲೆ ಅಲೆಯಾಗುತ್ತದೆ. ಲೋಹದ ಅಂಚಿನಲ್ಲಿ ಮರ ಲೋಹಕ್ಕೆ ಸಮನಾಗಿರಬೇಕು, ಇಲ್ಲವೆ ಒಂದು ಕಾಗದದಷ್ಟು ಎತ್ತರವಿರಬೇಕು. ಅಲ್ಲಿ ಅತಿಯಾಗಿ ಉಜ್ಜಿದರೆ ಮರ ತಗ್ಗಿ ಲೋಹ ಮೇಲೆದ್ದು ನಿಲ್ಲುತ್ತದೆ. ಅಂಥ ಕೋವಿಯನ್ನು ನೋಡಿದ ಕೂಡಲೇ ಬಲ್ಲವರು ತಲೆಯಲ್ಲಾಡಿಸುತ್ತಾರೆ. ಕೈ ಜಾರದಿರಲೆಂದು ಕುತ್ತಿಗೆಯ ಬಳಿ ಕೆತ್ತಿರುವ ಒತ್ತೊತ್ತಾದ ಅಡ್ಡಗೀರುಗಳ ಮೇಲೂ ಕಾಗದ ಆಡಿಸಬಾರದು. ಹಲ್ಲುಜ್ಜುವ ಹಳೆಯ ಬ್ರಷ್ಷನ್ನು ಟರ್ಪೆಂಟೈನಿನಲ್ಲಿ ಅದ್ದಿ ಉಜ್ಜಿದರೆ ಸಾಕು. ಕೊನೆಯಲ್ಲಿ ಮರವನ್ನು ಒದ್ದೆ ಬಟ್ಟೆಯಿಂದ ಒರೆಸಿ ಒಣಗಿಸಿದರೆ ಸಣ್ಣ ಸಣ್ಣ ಎಳೆಗಳು ಗಡ್ಡದಂತೆ ಎದ್ದು ನಿಲ್ಲುತ್ತವೆ. ಅವನ್ನು 320ರ ಕಾಗದದಿಂದ ಹಗುರವಾಗಿ ಸವರಿ ತೆಗೆಯಬೇಕು. ಎರಡು ಸಲ ಹೀಗೆ ಮಾಡಿದರೆ ಮುಂದೆ ಮಳೆಹನಿ ಬಿದ್ದರೂ ಮರ ಒರಟಾಗುವುದಿಲ್ಲ. ಉಜ್ಜುವಾಗ ಮೂಗಿಗೆ ಬಟ್ಟೆ ಕಟ್ಟಿಕೊಳ್ಳುವುದನ್ನು ಮರೆಯಬಾರದು.

ಈಗ ಎಣ್ಣೆಯ ವಿಚಾರ. ಕೊಬ್ಬರಿ ಎಣ್ಣೆ ಏಕೆ ಕೂಡದು? ತಲೆಗೂ ಅಡುಗೆಗೂ ಆಗುವ ಎಣ್ಣೆ ಮರಕ್ಕೇಕೆ ಆಗದು? ಇದಕ್ಕೆ ಉತ್ತರ ರಸಾಯನಶಾಸ್ತ್ರದಲ್ಲಿದೆ. ಎಣ್ಣೆ ಒಣಗುವುದೆಂದರೆ ನೀರಿನಂತೆ ಆವಿಯಾಗಿ ಹೋಗುವುದಲ್ಲ. ಅಗಸೆ ಎಣ್ಣೆಯಂಥ ಕೆಲವು ಎಣ್ಣೆಗಳು ಗಾಳಿಯಲ್ಲಿನ ಆಮ್ಲಜನಕವನ್ನು ಹೀರಿ, ಅವುಗಳ ಅಣುಗಳು ಒಂದಕ್ಕೊಂದು ಕೈಹಿಡಿದು ಬಲೆಯಂತೆ ಹೆಣೆದುಕೊಂಡು ಗಟ್ಟಿ ಪೊರೆಯಾಗುತ್ತವೆ. ಆಮ್ಲಜನಕ ಸೇರುವುದರಿಂದ ಒಣಗುವ ಆರಂಭದಲ್ಲಿ ಎಣ್ಣೆಯ ತೂಕ ಹೆಚ್ಚುವುದೂ ಉಂಟು! ಅಗಸೆ ಎಣ್ಣೆಯ ಸುಮಾರು ಅರ್ಧ ಭಾಗ ಲಿನೋಲೆನಿಕ್ ಎಂಬ ಆಮ್ಲ. ಆಮ್ಲಜನಕವನ್ನು ಹಿಡಿಯುವ ಕೈಗಳು ಅದರಲ್ಲಿ ಹೆಚ್ಚು. ಕೊಬ್ಬರಿ ಎಣ್ಣೆಯಲ್ಲಿ ಹತ್ತರಲ್ಲಿ ಒಂಬತ್ತು ಪಾಲಿಗೆ ಅಂಥ ಕೈಗಳೇ ಇಲ್ಲ. ಆದ್ದರಿಂದ ಅದು ವರ್ಷ ಕಳೆದರೂ ಎಣ್ಣೆಯಾಗಿಯೇ ಉಳಿದು, ದೂಳು ಹಿಡಿದು, ಕಮಟುವಾಸನೆ ಬರುತ್ತದೆ. ಕಡಲೆಕಾಯಿ ಎಣ್ಣೆಗೂ ಇದೇ ಗತಿ. ಉತ್ತರ ಕರ್ನಾಟಕದವರು ರೊಟ್ಟಿಯ ಜೊತೆಗೆ ಚಟ್ನಿಪುಡಿ ಮಾಡಿ ತಿನ್ನುವ ಅಗಸೆಯೇ ಕೋವಿಗೂ ಮೆರುಗು ಕೊಡುವುದೆಂದು ತಿಳಿದಾಗ ನನಗೆ ಸೋಜಿಗವಾಯಿತು.

ಬಣ್ಣದ ಅಂಗಡಿಯಲ್ಲಿ ಅಗಸೆ ಎಣ್ಣೆ ಎರಡು ಬಗೆಯಾಗಿ ಸಿಗುತ್ತದೆ. ಹಸಿಯದು ಒಣಗಲು ದಿನಗಟ್ಟಲೆ, ಕೆಲವೊಮ್ಮೆ ವಾರಗಟ್ಟಲೆ ಬೇಕು. ಕಾಯಿಸಿದ ಎಣ್ಣೆ ಎಂಬ ಹೆಸರಿನದು ಬೇಗ ಒಣಗುತ್ತದೆ. ಹೆಸರು ಹಾಗಿದ್ದರೂ ಈಗ ಹೆಚ್ಚಾಗಿ ಅದಕ್ಕೆ ಬೇಗ ಒಣಗಿಸುವ ಲೋಹದ ಲವಣಗಳನ್ನು ಸೇರಿಸಿರುತ್ತಾರೆ. ನಮ್ಮ ಕೆಲಸಕ್ಕೆ ಎರಡನೆಯದೇ ಅನುಕೂಲ. ಇದನ್ನು ಬಾಯಿಗೆ ತಾಗಿಸಬಾರದು. ವಿಲಾಯತಿ ಕೋವಿಗಳ ಕೆಂಪು ಛಾಯೆ ಬೇಕೆನ್ನುವವರು ಆ ಎಣ್ಣೆಯಲ್ಲಿ ಆಲ್ಕನೆಟ್ ಎಂಬ ಬೇರನ್ನು ನೆನೆಸುವುದುಂಟು. ಅದರ ಬಳಗದ ಬೇರು ನಮ್ಮ ಗ್ರಂಧಿಗೆ ಅಂಗಡಿಗಳಲ್ಲಿಯೇ ರತನ್‌ಜೋತ್ ಎಂಬ ಹೆಸರಿನಲ್ಲಿ ದೊರೆಯುತ್ತದೆ. ಕಾಶ್ಮೀರದವರು ಮಾಂಸದ ಸಾರಿಗೆ ಬಣ್ಣ ಬರಿಸಲು ಬಳಸುವುದೂ ಇದನ್ನೇ. ನೀರಿಗೆ ಬಣ್ಣ ಬಿಡದ ಈ ಬೇರು ಎಣ್ಣೆಗೆ ಬಿದ್ದೊಡನೆ ದಾಳಿಂಬೆಯ ಕೆಂಪನ್ನು ಬಿಡುತ್ತದೆ.

ಎಣ್ಣೆ ಹಚ್ಚುವಾಗ ಧಾರಾಳತನವೇ ಶತ್ರು. ಇಡೀ ಹಿಡಿಮರಕ್ಕೆ ಒಂದು ಸಲಕ್ಕೆ ಹತ್ತು ಹನ್ನೆರಡು ಹನಿ ಸಾಕು. ಅಂಗೈಯಲ್ಲಿ ಹಾಕಿಕೊಂಡು, ಮರ ಬೆಚ್ಚಗಾಗುವವರೆಗೂ ತಿಕ್ಕಬೇಕು. ಕಾಲು ಗಂಟೆ ಬಿಟ್ಟು, ಮರ ಕುಡಿಯದೆ ಉಳಿದ ಎಣ್ಣೆಯನ್ನೆಲ್ಲ ಒಣಬಟ್ಟೆಯಿಂದ ಪೂರ್ತಿ ಒರೆಸಿಬಿಡಬೇಕು. ಒರೆಸದೆ ಬಿಟ್ಟದ್ದೇ ಮರುದಿನ ಅಂಟಾಗುತ್ತದೆ. ಹಿಂದಿನ ದಿನದ್ದು ಚೆನ್ನಾಗಿ ಒಣಗಿದ ಮೇಲೆಯೇ ಮುಂದಿನ ಸರದಿ. ದಿನಕ್ಕೊಮ್ಮೆಯಂತೆ ಒಂದು ವಾರ, ವಾರಕ್ಕೊಮ್ಮೆಯಂತೆ ಒಂದು ತಿಂಗಳು, ತಿಂಗಳಿಗೊಮ್ಮೆಯಂತೆ ಒಂದು ವರ್ಷ, ಆಮೇಲೆ ವರ್ಷಕ್ಕೊಮ್ಮೆಯಂತೆ ಬದುಕಿರುವವರೆಗೆ ಎಂದು ವಿಲಾಯತಿ ಕಸುಬುದಾರರಲ್ಲಿ ಒಂದು ಮಾತಿದೆಯಂತೆ. ಈ ಕೆಲಸಕ್ಕೆ ಕೊಡಗಿನಲ್ಲಿ ಡಿಸೆಂಬರಿನಿಂದ ಮಾರ್ಚಿಯವರೆಗೆ ಒಳ್ಳೆಯ ಕಾಲ. ಮಳೆಗಾಲದ ತಣ್ಣನೆಯ ತೇವದಲ್ಲಿ ಎಣ್ಣೆ ಒಣಗುವುದೇ ಇಲ್ಲ.

ಇಲ್ಲಿ ಒಂದು ಮುಖ್ಯವಾದ ಎಚ್ಚರಿಕೆ. ಆಮ್ಲಜನಕ ಹೀರುವಾಗ ಅಗಸೆ ಎಣ್ಣೆ ಶಾಖವನ್ನು ಹೊರಬಿಡುತ್ತದೆ. ಮರದ ಮೇಲೆ ತೆಳ್ಳಗೆ ಹರಡಿದ್ದರೆ ಶಾಖ ಗಾಳಿಗೆ ಹೋಗುತ್ತದೆ. ಆದರೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆದರೆ ಶಾಖ ಒಳಗೇ ಕೂಡಿ, ಕಿಡಿಯಿಲ್ಲದೆ, ಕಡ್ಡಿ ಗೀರದೆ, ಕೆಲವು ಗಂಟೆಗಳಲ್ಲಿ ತಾನಾಗಿಯೇ ಹೊತ್ತಿಕೊಳ್ಳಬಹುದು. ಇದು ಹೆದರಿಸಲು ಹೇಳುವ ಮಾತಲ್ಲ. ಅಮೆರಿಕದ ಫಿಲಡೆಲ್ಫಿಯಾ ನಗರದಲ್ಲಿ ಒನ್ ಮೆರಿಡಿಯನ್ ಪ್ಲಾಜಾ ಎಂಬ 38 ಅಂತಸ್ತುಗಳ ಕಟ್ಟಡವಿತ್ತು. 1991ರ ಫೆಬ್ರವರಿ 23ರಂದು ಅದರ 22ನೆಯ ಅಂತಸ್ತಿನಲ್ಲಿ, ಮರದ ಹಲಗೆಗಳಿಗೆ ಮೆರುಗು ಕೊಡುತ್ತಿದ್ದವರು ಬಿಟ್ಟುಹೋದ ಅಗಸೆ ಎಣ್ಣೆಯ ಬಟ್ಟೆಗಳಿಂದ ಬೆಂಕಿ ಹುಟ್ಟಿತು. ಮೂವರು ಅಗ್ನಿಶಾಮಕ ಸಿಬ್ಬಂದಿ ಪ್ರಾಣ ತೆತ್ತರು. ಮುಂದೆ ಕಟ್ಟಡವನ್ನೇ ಕೆಡವಬೇಕಾಯಿತು. ಹುಲ್ಲು, ಸೌದೆ, ಕಾಫಿ ಚೀಲಗಳನ್ನು ಒಂದೇ ಮಾಡಿನ ಕೆಳಗೆ ಇಡುವ ನಮ್ಮ ಮನೆಗಳಲ್ಲಿ ಇದನ್ನು ಎಷ್ಟು ನೆನಪಿಟ್ಟರೂ ಕಡಿಮೆಯೇ. ಬಳಸಿದ ಬಟ್ಟೆಯನ್ನು ಅಂಗಳದ ತಂತಿಯ ಮೇಲೆ ಒಂದೊಂದಾಗಿ ಬಿಡಿಸಿ ಹರವಿ ಒಣಗಿಸಬೇಕು, ಇಲ್ಲವೆ ನೀರು ತುಂಬಿದ ಮುಚ್ಚಳದ ಡಬ್ಬದಲ್ಲಿ ಮುಳುಗಿಸಿಡಬೇಕು.

ಎಣ್ಣೆಯ ಮೆರುಗು ನೀರನ್ನು ಪೂರ್ತಿ ತಡೆಯಲಾರದು. ಮಡಿಕೇರಿಯಂಥ, ವರ್ಷಕ್ಕೆ 3000 ಮಿಲಿಮೀಟರಿಗೂ ಮೀರಿ ಮಳೆ ಸುರಿಯುವ ಊರಿನಲ್ಲಿ ಅದರ ಮೇಲೆ ಜೇನುಮೇಣದ ಒಂದು ಲೇಪ ಒಳ್ಳೆಯದು. ಮೇಣವನ್ನು ಬಿಸಿನೀರಿನ ಪಾತ್ರೆಯೊಳಗಿಟ್ಟ ಬಟ್ಟಲಿನಲ್ಲಿ ಕರಗಿಸಿ, ಒಲೆಯಿಂದ ದೂರ ತಂದು, ಅನಂತರವೇ ಟರ್ಪೆಂಟೈನು ಬೆರೆಸಬೇಕು. ಆರಿದ ಮೇಲೆ ಬೆಣ್ಣೆಯಂತಾಗುವ ಆ ಲೇಪವನ್ನು ತೆಳ್ಳಗೆ ಸವರಿ, ಹತ್ತಿಬಟ್ಟೆಯಿಂದ ಉಜ್ಜಿದರೆ ಮುಗಿಯಿತು. ಮಳೆಗಾಲದಲ್ಲಿ ಕೋವಿಯನ್ನು ಚರ್ಮದ ಅಥವಾ ಬಟ್ಟೆಯ ಚೀಲದೊಳಗೆ ಬಹುದಿನ ಬಿಡಬಾರದು. ಅವು ತೇವ ಹಿಡಿದು ಮರಕ್ಕೆ ಬೂಷ್ಟು, ಲೋಹಕ್ಕೆ ತುಕ್ಕು ತರುತ್ತವೆ.

ಕೆಲಸ ಮುಗಿದಾಗ ಫೆಬ್ರವರಿ ಕಳೆಯುತ್ತ ಬಂದಿತ್ತು. ಅರ್ಧ ಅಳಿಸಿದ ಅಕ್ಷರವನ್ನು ಮತ್ತೆ ಕೊರೆಯೋಣವೇ ಎಂದು ಕೇಳಿದೆ. "ನೀನು ಕೊರೆದರೆ ಅದು ನಿನ್ನ ಅಕ್ಷರ, ಅವರದಲ್ಲ" ಎಂದರು ದೊಡ್ಡಪ್ಪ. ನಾನು ಸುಮ್ಮನಾದೆ.

ಒಂದು ಭಾನುವಾರ ಅಜ್ಜಿ ನಮ್ಮ ಮನೆಗೆ ಬಂದರು. ಅಪ್ಪ ಕೋವಿಯನ್ನು ತಂದು ಅವರ ಮುಂದೆ ಹಿಡಿದರು. ನನಗೆ ಒಳಗೊಳಗೇ ಅಳುಕು. ಅಜ್ಜಿ ಹೊಳಪನ್ನು ನೋಡಲೇ ಇಲ್ಲ. ಬೆರಳಾಡಿಸಿ ಎಡಮಗ್ಗುಲಿನ ಆ ಜಾಗವನ್ನು ಹುಡುಕಿದರು. ಒಂದು ಅಕ್ಷರ ಪೂರ್ತಿ ಸಿಕ್ಕಿತು, ಇನ್ನೊಂದು ಅರ್ಧ ಸಿಕ್ಕಿತು. ನಾನೇ ಮುಂದೆ ಬಂದು, "ಅಜ್ಜಿ, ಅದು ನನ್ನಿಂದ ಆದ ತಪ್ಪು" ಎಂದೆ. ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಇರಲಿ ಮಗ, ಇಷ್ಟಾದರೂ ಉಳಿಸಿದೆಯಲ್ಲ" ಎಂದರು. ಸಮಾಧಾನಕ್ಕೆಂದು ಆಡಿದ ಮಾತು ಅದೆಂದು ನನಗೆ ಗೊತ್ತು.

ಹಳೆಯ ವಸ್ತುವನ್ನು ಹೊಸದು ಮಾಡುವುದು ಈ ಕೆಲಸದ ಗುರಿಯಲ್ಲ. ಅದರ ಮೇಲೆ ಕೂತ ಕೊಳೆಯನ್ನು ತೆಗೆದು, ಅದರದೇ ಆದ ಬಣ್ಣವನ್ನು ಹೊರಗೆ ತಂದು, ಮುಂದಿನ ಐವತ್ತು ವರ್ಷ ಬಾಳುವಂತೆ ಮಾಡುವುದೇ ಗುರಿ. ಕೊಳೆ ಯಾವುದು, ಬಾಳಿದವರ ಗುರುತು ಯಾವುದು ಎಂದು ತಿಳಿದ ಮೇಲೆಯೇ ಕಾಗದ ಹಿಡಿಯಬೇಕು. ಎಣ್ಣೆ ಕಡಿಮೆಯಾದರೆ ನಾಳೆ ಹಚ್ಚಬಹುದು; ಉಜ್ಜಿದ್ದು ಕಡಿಮೆಯಾದರೆ ನಾಳೆ ಉಜ್ಜಬಹುದು; ಹೆಚ್ಚಾದರೆ ಮಾತ್ರ ಹಿಂದಕ್ಕೆ ದಾರಿಯಿಲ್ಲ. ಅಜ್ಜನ ಕಾಲದ ಮೇಜು, ತೊಟ್ಟಿಲು, ಪೆಟ್ಟಿಗೆಗಳು ಮಿತ್ರರ ಮನೆಗಳಲ್ಲಿಯೂ ಇದ್ದೇ ಇರುತ್ತವೆ. ಅವುಗಳಿಗೆ ಕೈಹಚ್ಚುವ ಮೊದಲು ನನ್ನ ಆ ಅರ್ಧ ಅಕ್ಷರವನ್ನು ಒಮ್ಮೆ ನೆನೆದರೆ ಈ ಲೇಖನ ಬರೆದುದು ಸಾರ್ಥಕವಾಯಿತೆಂದು ತಿಳಿಯುತ್ತೇನೆ.